ಕನ್ನಡ ವಾಯ್ಸ್ ಪ್ರೋಸೆಸ್ ಇಂಟರ್‌ವ್ಯೂ: ನನ್ನ ಅನುಭವ

ಕಾಲ್ ಸೆಂಟರ್ ಕೆಲಸ ಅಂದರೆ ಇಂಗ್ಲಿಷ್ ಪಟಪಟ ಅಂತ ಬರಬೇಕು ಅಂದುಕೊಂಡು ನಮ್ಮ ಕಡೆಯ ಎಷ್ಟೋ ಜನ ಅರ್ಜಿ ಹಾಕೋದಕ್ಕೇ ಹೆದರುತ್ತಾರೆ. ಇಂಗ್ಲಿಷ್ ಬೇಕು, ಸುಳ್ಳಲ್ಲ. ಆದರೆ ನನ್ನ ಇಂಟರ್‌ವ್ಯೂನಲ್ಲಿ ಜಾಸ್ತಿ ಹೊತ್ತು ಹೋಗಿದ್ದು ನನ್ನ ಕಿವಿ ಪರೀಕ್ಷೆ ಮಾಡೋದರಲ್ಲಿ.

ನಾನು ಹೋಗಿದ್ದು ಬೆಂಗಳೂರಿನ ಔಟರ್ ರಿಂಗ್ ರೋಡ್ ಕಡೆ ಇರುವ ದೊಡ್ಡ ಆನ್‌ಲೈನ್ ಶಾಪಿಂಗ್ ಕಂಪನಿಯೊಂದಕ್ಕೆ, ಕನ್ನಡ ವಾಯ್ಸ್ ಪ್ರೋಸೆಸ್‌ಗೆ, ಅಂದರೆ ಫೋನ್ ಮಾಡುವ ಗ್ರಾಹಕರ ಜೊತೆ ಕನ್ನಡದಲ್ಲಿ ಮಾತಾಡುವ ಕೆಲಸಕ್ಕೆ. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ತಮ್ಮ ಆ್ಯಪ್ ಅನ್ನು ಕನ್ನಡದಲ್ಲೂ ತಂದವು. ಕನ್ನಡದಲ್ಲಿ ಆರ್ಡರ್ ಮಾಡಿದವರು ಕನ್ನಡದಲ್ಲೇ ಬೈಯಬೇಕಲ್ವಾ? ಆ ಬೈಗುಳ ಕೇಳಿಸಿಕೊಳ್ಳೋದಕ್ಕೆ ನಮ್ಮಂಥವರು ಬೇಕು.

ಹೋಗುವ ಮೊದಲು ನಾನು ಮಾಡಿದ ತಯಾರಿ ದೊಡ್ಡದೇನಲ್ಲ. ಆ ಕಂಪನಿಯ ಆ್ಯಪ್‌ನಲ್ಲಿ ಹೆಲ್ಪ್ ಪುಟ, ರಿಟರ್ನ್ ನಿಯಮ ಎಲ್ಲ ಓದಿದೆ. ಯಾವ ಸಾಮಾನು ವಾಪಸ್ ತಗೊಳ್ಳುತ್ತಾರೆ, ಯಾವುದಕ್ಕೆ ಬದಲಿ ಮಾತ್ರ ಕೊಡುತ್ತಾರೆ, ಕ್ಯಾಶ್ ಆನ್ ಡೆಲಿವರಿ ಮಾಡಿದ್ದರೆ ದುಡ್ಡು ಹೇಗೆ ವಾಪಸ್ ಬರುತ್ತೆ, ಇಷ್ಟು. ಜೊತೆಗೆ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ಒಂದು ವಿಷಯ ಗುರುತು ಮಾಡಿಕೊಂಡೆ. ದೂರು ತಲುಪಿದೆ ಅಂತ ಕಂಪನಿಯ ಗ್ರೀವೆನ್ಸ್ ಆಫೀಸರ್ (ದೂರು ನೋಡಿಕೊಳ್ಳುವ ಅಧಿಕಾರಿ) 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಇದು ಮುಂದೆ ಕೆಲಸಕ್ಕೆ ಬಂತು.

ಮೊದಲು ಟೈಪಿಂಗ್, ಆಮೇಲೆ ಕಂಪ್ಯೂಟರ್ ಮುಂದೆ ಹೆಡ್‌ಸೆಟ್ ಹಾಕಿಕೊಂಡು ಇಂಗ್ಲಿಷ್ ಟೆಸ್ಟ್. ವಾಕ್ಯ ಕೇಳಿಸುತ್ತೆ, ಹಾಗೇ ವಾಪಸ್ ಹೇಳಬೇಕು. ಸಣ್ಣ ಕಥೆ ಕೇಳಿಸುತ್ತೆ, ನಮ್ಮ ಮಾತಲ್ಲಿ ಹೇಳಬೇಕು. ಪಕ್ಕದ ಸೀಟಿನವರು ಗಟ್ಟಿಯಾಗಿ ಹೇಳ್ತಿರ್ತಾರೆ, ಅವರ ಕಡೆ ಕಿವಿ ಕೊಡಬೇಡಿ. ಅಮೆರಿಕದವರ ಥರ ನಾಲಿಗೆ ತಿರುಗಿಸುವ ಅಗತ್ಯವೂ ಇಲ್ಲ. ನಿಧಾನವಾಗಿ, ಪದ ನುಂಗದೆ ಹೇಳಿದರೆ ಸಾಕು.

ಎಚ್‌ಆರ್ ಮೇಡಂ ಕೇಳಿದ್ದು ಎಲ್ಲರಿಗೂ ಗೊತ್ತಿರುವ ಪ್ರಶ್ನೆಯೇ: ನಿಮ್ಮ ಬಗ್ಗೆ ಹೇಳಿ. ನನ್ನ ಮುಂದಿದ್ದವರು ಊರು, ಅಪ್ಪನ ಕೆಲಸ, ಹವ್ಯಾಸ ಅಂತ ಬಾಯಿಪಾಠ ಒಪ್ಪಿಸುತ್ತಿದ್ದರು. ನಾನು ಬಿ.ಕಾಂ ಮುಗಿಸಿ ನಮ್ಮ ತಾಲ್ಲೂಕು ಕಚೇರಿ ಎದುರಿನ ಸೈಬರ್ ಸೆಂಟರ್‌ನಲ್ಲಿ ಕೂತಿದ್ದೆ, ಅದನ್ನೇ ಹೇಳಿದೆ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ, ಸರ್ವರ್ ಡೌನ್, ಎದುರಿಗೆ ಕ್ಯೂ. "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದರೆ ಜನ ಜಗಳಕ್ಕೇ ಬರುತ್ತಾರೆ. ಅದಕ್ಕೆ ಎಲ್ಲರ ದಾಖಲೆ ನೋಡಿ, ಯಾರದ್ದು ಏನು ಕಮ್ಮಿ ಇದೆ ಅಂತ ಹೇಳಿ, ಫೋನ್ ನಂಬರ್ ಬರೆದುಕೊಂಡು, ಸರ್ವರ್ ಬಂದ ಕೂಡಲೇ ಕರೆಯುತ್ತಿದ್ದೆ. ಮೇಡಂ ಪೆನ್ನು ಕೆಳಗಿಟ್ಟು ಇನ್ನೆರಡು ಪ್ರಶ್ನೆ ಇದರ ಮೇಲೇ ಕೇಳಿದರು. ಅಂಗಡಿ, ಮೆಡಿಕಲ್ ಶಾಪ್, ಬ್ಯಾಂಕ್ ಮಿತ್ರ, ಎಲ್ಲಿ ಕೌಂಟರ್‌ನಲ್ಲಿ ನಿಂತಿದ್ದರೂ ಅದು ಅನುಭವವೇ. "ನನಗೆ ಜನಕ್ಕೆ ಸಹಾಯ ಮಾಡೋದು ಇಷ್ಟ" ಅಂತ ಸುಮ್ನೆ ಹೇಳೋದಕ್ಕಿಂತ ಇಂಥ ಒಂದು ಘಟನೆ ಹೇಳೋದು ಮೇಲು.

ಆಪರೇಷನ್ಸ್ ರೌಂಡ್‌ನಲ್ಲಿ ಮಾಕ್ ಕಾಲ್, ಅಂದರೆ ಅವರು ಗ್ರಾಹಕರ ಥರ ಮಾತಾಡುತ್ತಾರೆ, ನಾವು ಉತ್ತರ ಕೊಡಬೇಕು. ಮ್ಯಾನೇಜರ್ ಸರ್ ಕುರ್ಚಿ ತಿರುಗಿಸಿ ನನಗೆ ಬೆನ್ನು ಹಾಕಿ ಕೂತರು, ಮುಖ ಕಾಣಬಾರದು ಅಂತ. ನಾನು ಗ್ರೀಟಿಂಗ್ ಹೇಳಿ ಮುಗಿಸುವ ಮೊದಲೇ ಶುರು:

"ಮಿಕ್ಸರ್ ತರಿಸೀನ್ರಿ. ಡಬ್ಬಿ ತಗದ ನೋಡಿದ್ರ ಜಾರ್ ಒಡದೈತಿ. ನಾಳೆ, ನಾಡಿದ್ದ ಅಂತ ಕತಿ ಹೇಳಬ್ಯಾಡ್ರಿ. ಹೊಳ್ಳಿ ತಗೊಂಡು ಹೋಗ್ರಿ, ನನ್ನ ರೊಕ್ಕ ಕೊಡ್ರಿ."

ನಾನು ಹಾಸನದ ಕಡೆಯವನು. ಸರ್ ಬೇಕಂತಲೇ ಹುಬ್ಬಳ್ಳಿ ಕಡೆ ಮಾತು ತೆಗೆದರು. ಕನ್ನಡ ಪ್ರೋಸೆಸ್ ಅಂದರೆ ಬೀದರ್‌ನಿಂದ ಚಾಮರಾಜನಗರದವರೆಗೆ ಯಾರು ಬೇಕಾದರೂ ಫೋನ್ ಮಾಡಬಹುದು. ಕೆಲವರು ಇಂಥ ಕಡೆ ತಾವೂ "ಹೌದ್ರಿ, ಏನ್ರಿ" ಅಂತ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಬೇಡ, ಅಣಕಿಸಿದ ಹಾಗೆ ಕೇಳಿಸುತ್ತೆ. ನಾನು ನನ್ನ ಮಾತಿನಲ್ಲೇ ಹೇಳಿದೆ: "ಸರ್, ಮಿಕ್ಸರ್ ಜಾರ್ ಒಡೆದು ಬಂದಿದೆ, ನಿಮಗೆ ಬದಲಿ ಬೇಡ, ದುಡ್ಡೇ ವಾಪಸ್ ಬೇಕು. ಸರಿನಾ?" ಆ ಕಡೆಯಿಂದ "ಹಾಂ, ಕರೆಕ್ಟ್" ಅಂತ ಬಂತು, ದನಿ ಅರ್ಧ ಇಳಿದಿತ್ತು.

ಆಮೇಲೆ ಬಲೆ. "ಕಾರ್ಡ್ ನಂಬರ್ ಹೇಳ್ತೀನಿ ಬರ್ಕೊಳ್ರಿ, ಹಿಂದಿನ ಮೂರು ನಂಬರೂ ಹೇಳ್ತೀನಿ." ನಾನು ತಡೆದೆ. "ಬೇಡ ಸರ್, ಕಾರ್ಡ್ ನಂಬರ್, ಒಟಿಪಿ ಯಾವುದೂ ನನಗೆ ಹೇಳ್ಬೇಡಿ. ಆರ್ಡರ್ ನಂಬರ್ ಅಥವಾ ಈ ಮೊಬೈಲ್ ನಂಬರ್ ಇದ್ದರೆ ಸಾಕು." ಗ್ರಾಹಕ ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಇಲ್ಲಿ ಮಾತ್ರ ಹಾಕಲೇಬೇಕು.

ರೊಕ್ಕ ನಾಳೆ ಬರುತ್ತಾ ಅಂತ ಮತ್ತೆ ಮತ್ತೆ ಒತ್ತಿದರು. "ಬರುತ್ತೆ" ಅಂದುಬಿಟ್ಟರೆ ಕಾಲ್ ಮುಗಿಯುತ್ತೆ, ಆದರೆ ನಾಳಿದ್ದು ಅದೇ ಮನುಷ್ಯ ಎರಡರಷ್ಟು ಸಿಟ್ಟಿನಲ್ಲಿ ಫೋನ್ ಮಾಡುತ್ತಾನೆ. "ಎಷ್ಟು ದಿನ ಅಂತ ನೋಡಿ ಹೇಳ್ತೀನಿ ಸರ್, ಒಂದು ನಿಮಿಷ ಲೈನ್‌ನಲ್ಲಿರ್ತೀರಾ?" ಅಂತ ಕೇಳಿ ಹೋಲ್ಡ್‌ಗೆ ಹಾಕಿದೆ. ವಾಪಸ್ ಬಂದಾಗ "ಕಾದಿದ್ದಕ್ಕೆ ಥ್ಯಾಂಕ್ಸ್" ಅಂದೆ. ಕೇಳದೇ ಹೋಲ್ಡ್‌ಗೆ ಹಾಕಿದರೆ, ಸುಮ್ಮನೆ ಮೌನವಾಗಿ ಕೂತರೆ ಎರಡಕ್ಕೂ ಮಾರ್ಕ್ಸ್ ಹೋಗುತ್ತೆ. ಆ ಮೌನಕ್ಕೆ ಇವರು ಡೆಡ್ ಏರ್ ಅಂತಾರೆ.

ಕೊನೆಗೆ "ಕನ್ಸ್ಯೂಮರ್ ಕೋರ್ಟ್‌ಗೆ ಹೋಗ್ತೀನಿ" ಅಂದರು. ನಾನು ಹೆದರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಅದು ನಿಮ್ಮ ಹಕ್ಕು ಸರ್. ಅದಕ್ಕೂ ಮೊದಲು ನಮ್ಮ ಗ್ರೀವೆನ್ಸ್ ಆಫೀಸರ್‌ಗೆ ಬರೆಯಬಹುದು, ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು" ಅಂದೆ. ಸರ್ ಕುರ್ಚಿ ತಿರುಗಿಸಿ, ಇದನ್ನು ಎಲ್ಲಿ ಓದಿದಿರಿ ಅಂತ ಕೇಳಿದರು.

ಎಎಚ್‌ಟಿ, ಸಿಸ್ಯಾಟ್ ಅಂದರೆ ಏನು ಅಂತಲೂ ಕೇಳಬಹುದು. ಒಂದು ಕಾಲ್‌ಗೆ ಸರಾಸರಿ ಎಷ್ಟು ಹೊತ್ತು ಹಿಡಿಯಿತು, ಗ್ರಾಹಕರು ಎಷ್ಟು ರೇಟಿಂಗ್ ಕೊಟ್ಟರು ಅನ್ನುವ ಲೆಕ್ಕ. ಹೊಸಬರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಸಂಬಳದ ಮಾತು ಬಂದಾಗ ಸಿಟಿಸಿ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ಕೇಳಿ ಖುಷಿ ಪಡಬೇಡಿ. ಕೈಗೆ ಎಷ್ಟು ಬರುತ್ತೆ ಕೇಳಿ. ಬೇಸಿಕ್‌ನ 12% ಪಿಎಫ್‌ಗೆ ಹೋಗುತ್ತೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) 0.75% ಕಟ್ ಆಗುತ್ತೆ. ಕಂಪನಿ ಕಟ್ಟುವ ಪಿಎಫ್ ಪಾಲನ್ನೂ ಸಿಟಿಸಿಯಲ್ಲೇ ಸೇರಿಸಿ ತೋರಿಸಿರುತ್ತಾರೆ. ಶಿಫ್ಟ್ ಬದಲಾಗುತ್ತಾ, ರಾತ್ರಿ ಕ್ಯಾಬ್ ನಮ್ಮ ಏರಿಯಾಗೆ ಬರುತ್ತಾ, ಟ್ರೈನಿಂಗ್ ಸಮಯದಲ್ಲೂ ಪೂರ್ತಿ ಸಂಬಳ ಇದೆಯಾ, ಇದನ್ನೆಲ್ಲ ನಾನು ಎಚ್‌ಆರ್ ಹತ್ತಿರ ನೇರವಾಗಿ ಕೇಳಿದೆ. ಯಾರೂ ಮುಖ ಸಿಂಡರಿಸಲಿಲ್ಲ.

ಇನ್ನೊಂದು. ಗೇಟ್ ಹೊರಗೆ ಒಬ್ಬರು ಫೈಲ್ ಹಿಡಿದು ನಿಂತು, ರಿಜಿಸ್ಟ್ರೇಷನ್‌ಗೆ ದುಡ್ಡು ಕೊಟ್ಟರೆ ಸೆಲೆಕ್ಷನ್ ಗ್ಯಾರಂಟಿ ಅಂತಿದ್ದರು. ಒಳಗೆ ಯಾರೂ ನನ್ನ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನೂ ನೋಡಿ, ಅಲ್ಲೇ ವಾಪಸ್ ಕೊಟ್ಟರು.