ಪ್ರೊಬೇಷನ್ ರದ್ದಾಯಿತೇ? ಅಪೀಲಿಗೆ ಇರುವುದು 30 ದಿನ

ತಪ್ಪು ಸಾಬೀತಾದ ಹುಡುಗನನ್ನು ಕೋರ್ಟು ಜೈಲಿಗೆ ಕಳಿಸದೆ, ಷರತ್ತಿನ ಬಾಂಡ್ ಬರೆಸಿಕೊಂಡು ಮನೆಗೆ ಬಿಟ್ಟಿತ್ತು. ಇದೇ ಪ್ರೊಬೇಷನ್. ಈಗ ಷರತ್ತು ಮುರಿದಿದ್ದಾನೆ ಎಂದು ಶಿಕ್ಷೆ ಕೊಟ್ಟಿದೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಿಗೆ ಇಂಥ ಸುದ್ದಿ ಬಂದರೆ ‘ಇನ್ನೇನು ಮಾಡೋಕಾಗುತ್ತೆ’ ಎಂದು ಕೈಚೆಲ್ಲುವವರೇ ಜಾಸ್ತಿ. ಹಾಗೆ ಸುಮ್ನೆ ಕೂರಬೇಡಿ. ದಾರಿ ಇದೆ.

ಮೊದಲ ಕೆಲಸ ಆದೇಶ ಬಂದ ದಿನವೇ. ಶಿಕ್ಷೆ ಮೂರು ವರ್ಷದೊಳಗಿದ್ದು, ಹುಡುಗ ಅಲ್ಲಿಯವರೆಗೆ ಜಾಮೀನಿನ ಮೇಲೆ ಹೊರಗಿದ್ದರೆ, ‘ನಾವು ಅಪೀಲು ಹೋಗುತ್ತೇವೆ’ ಎಂದು ವಕೀಲರ ಮೂಲಕ ಅದೇ ಕೋರ್ಟಿಗೆ ತಿಳಿಸಿ. ಅಪೀಲು ಹಾಕುವಷ್ಟು ಕಾಲ ಅದೇ ಕೋರ್ಟು ಜಾಮೀನು ಕೊಡಬಹುದು. ಈಗಾಗಲೇ ಒಳಗಿದ್ದರೆ ಶಿಕ್ಷೆಗೆ ತಡೆ ಕೊಡಿ ಎಂಬ ಅರ್ಜಿಯನ್ನು ಅಪೀಲಿನ ಜತೆಗೇ ಹಾಕಬೇಕು.

ಆಮೇಲೆ ತೀರ್ಪಿನ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ. ಅಪೀಲು ಹೋಗಬಹುದಾದ ಕೇಸಿನಲ್ಲಿ ಇದು ಆರೋಪಿಗೆ ಉಚಿತ. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ: ಸಾಧ್ಯವಿದ್ದಲ್ಲಿ ತನ್ನ ಭಾಷೆಯಲ್ಲೇ ಅನುವಾದ ಕೊಡಿ ಎಂದು ಆರೋಪಿ ಕೇಳಬಹುದು. ಕ್ರಿಮಿನಲ್ ಕೇಸುಗಳು ಹೇಗೆ ನಡೆಯಬೇಕೆಂದು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಸೆಕ್ಷನ್‌ನಲ್ಲಿ ಈ ಹಕ್ಕಿದೆ. ಕನ್ನಡದಲ್ಲಿ ಬೇಕು ಎಂದು ಬರೆದೇ ಕೇಳಿ. ಆದರೆ ಅನುವಾದ ಬರಲಿ ಎಂದು ಕಾಯುತ್ತಾ ದಿನ ಕಳೆಯಬೇಡಿ.

ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಗೆ ಅಪೀಲು ಸೆಷನ್ಸ್ ಕೋರ್ಟಿಗೆ. ಕಾಸರಗೋಡಿನವರಿಗೆ ಅಂದರೆ ವಿದ್ಯಾನಗರ. ಗಡುವು 30 ದಿನ. ಕಾಪಿ ತಯಾರಿಸಲು ಕೋರ್ಟು ತೆಗೆದುಕೊಂಡ ದಿನಗಳನ್ನು ಇದರಿಂದ ಬಿಡುತ್ತಾರೆ. ತಡವಾದರೆ ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು, ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿಯಿಲ್ಲ.

ಇನ್ನು ಅಪೀಲಿನಲ್ಲಿ ಏನು ಹೇಳುವುದು? ಕೇಸಿನ ಜೀವ ಇರುವುದು ಇಲ್ಲೇ. ಹಳೆಯ ಬಾಂಡ್ ಮತ್ತು ಮೇಲ್ವಿಚಾರಣೆಯ ಆದೇಶ ಎರಡನ್ನೂ ಹುಡುಕಿ ತೆಗೆದು ಸಾಲು ಸಾಲಾಗಿ ಓದಿ. ಪ್ರೊಬೇಷನ್ ಆಫೀಸರರ ಮೇಲ್ವಿಚಾರಣೆಗೆ ಒಪ್ಪಿಸುವಾಗ ಕೋರ್ಟು ಷರತ್ತುಗಳನ್ನು ವಿವರಿಸಿ ಹೇಳಬೇಕು, ಒಂದು ಪ್ರತಿಯನ್ನೂ ಕೊಡಬೇಕು. 1958ರ ಪ್ರೊಬೇಷನ್ ಕಾಯ್ದೆಯ 4ನೇ ಸೆಕ್ಷನ್ ಹಾಗೆನ್ನುತ್ತದೆ. ಕನ್ನಡ ಮಾತ್ರ ಓದಬಲ್ಲ ಹುಡುಗನಿಗೆ ಮಲಯಾಳದ ಕಾಗದಕ್ಕೆ ಸಹಿ ಹಾಕಿಸಿ ಕಳಿಸಿದರೆ ವಿವರಿಸಿದ ಹಾಗಾಯಿತೇ? ಇದನ್ನು ವಕೀಲರು ಗಟ್ಟಿಯಾಗಿಯೇ ಕೇಳಬೇಕು.

ಅದೇ ಪ್ರೊಬೇಷನ್ ಕಾಯ್ದೆಯ 9ನೇ ಸೆಕ್ಷನ್ ಕೂಡ ನಿಮ್ಮ ಕೈಯಲ್ಲಿರಲಿ. ಷರತ್ತು ಮುರಿದದ್ದು ನಿಜವೇ ಎಂದು ಕೋರ್ಟು ವಿಚಾರಣೆ ಮಾಡಿಯೇ ತೀರ್ಮಾನಿಸಬೇಕು. ಮೊದಲ ಸಲದ ತಪ್ಪಾದರೆ ಬಾಂಡನ್ನು ಹಾಗೇ ಉಳಿಸಿ 50 ರೂಪಾಯಿ ಮೀರದ ದಂಡ ಹಾಕಲೂ ಅವಕಾಶವಿದೆ. ಒಂದು ತಿಂಗಳು ಆಫೀಸರರ ಮುಂದೆ ಹಾಜರಾಗಲಿಲ್ಲ ಎಂಬಷ್ಟಕ್ಕೆ ನೇರ ಜೈಲೇಕೆ ಎಂದು ಕೇಳುವುದು ನ್ಯಾಯ ಅಲ್ವಾ? ಹಾಜರಾಗದ ದಿನ ಆಸ್ಪತ್ರೆಯಲ್ಲಿದ್ದರೆ ಅದರ ಚೀಟಿ, ಮಂಗಳೂರಿನಲ್ಲಿ ಕೆಲಸದಲ್ಲಿದ್ದರೆ ಮಾಲೀಕರ ಪತ್ರ, ರೈಲಿನ ಸೀಸನ್ ಪಾಸು ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ವಕೀಲರಿಗೆ ಕೊಡಿ. ವಿಚಾರಣೆಯಲ್ಲಿ ಇವನ್ನು ತೋರಿಸಿದ್ದರೂ ಕೋರ್ಟು ಗಮನಿಸಿರದಿದ್ದರೆ ಅದೇ ದೊಡ್ಡ ಆಧಾರ. ಮೂಲ ಅಪರಾಧವನ್ನೇ ಅಲ್ಲಗಳೆಯುವುದು ಈಗ ಕಷ್ಟ. ಅದಕ್ಕೆ ಅಪೀಲು ಹೋಗಬೇಕಿದ್ದದ್ದು ಪ್ರೊಬೇಷನ್ ಕೊಟ್ಟಾಗಲೇ.

ಫೀಸಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಜೈಲಿನಲ್ಲಿರುವವರು ಅಪೀಲನ್ನು ಜೈಲಿನ ಅಧಿಕಾರಿಯ ಕೈಗೇ ಕೊಡಬಹುದು, ಅವರು ಕೋರ್ಟಿಗೆ ಕಳಿಸುತ್ತಾರೆ.

ಬಾಂಡ್ ಇನ್ನೂ ಚಾಲ್ತಿಯಲ್ಲಿರುವವರಿಗೂ ಒಂದು ಮಾತು. ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಕೆಲಸಕ್ಕೆ ಸೇರುವ, ಮನೆ ಬದಲಿಸುವ ಯೋಚನೆ ಇದ್ದರೆ ಮೊದಲೇ ಪ್ರೊಬೇಷನ್ ಆಫೀಸರರಿಗೆ ಬರೆದು ತಿಳಿಸಿ. ಅವರು ಅರ್ಜಿ ಹಾಕಿದರೆ ಕೋರ್ಟು ಪ್ರೊಬೇಷನ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಷರತ್ತನ್ನು ಬದಲಿಸಬಹುದು. ಕೊಟ್ಟ ಪತ್ರದ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡು ಬನ್ನಿ.