ರಾತ್ರಿ 9ಕ್ಕೆ 37

ನನ್ನ ಬ್ಲೌಸ್ ಅಳತೆ ಪುಸ್ತಕದ ಕೊನೆಯ ಹಾಳೆಗಳಲ್ಲಿ ಎದೆ, ಸೊಂಟ, ತೋಳಿನ ಅಳತೆ ಇಲ್ಲ. ನಮ್ಮ ಮನೆಯ ಬಿಸಿಯ ಅಳತೆ ಇದೆ. ಬೆಳಿಗ್ಗೆ 6ಕ್ಕೆ ಎಷ್ಟು, ಮಧ್ಯಾಹ್ನ 3ಕ್ಕೆ ಎಷ್ಟು, ರಾತ್ರಿ 9ಕ್ಕೆ ಎಷ್ಟು. ನೂರೈವತ್ತು ರೂಪಾಯಿಯ ಒಂದು ಥರ್ಮಾಮೀಟರ್ ತಂದು, ಹೊಲಿಗೆ ಮಷಿನ್‌ನಿಂದ ದೂರದ ಗೋಡೆಗೆ ತೂಗುಹಾಕಿ, ದಿನಾ ಬರೆದೆ. ಬರೆದ ಮೇಲೇ ನನಗೆ ಗೊತ್ತಾಗಿದ್ದು, ನಾನು ಇಷ್ಟು ವರ್ಷ ತಪ್ಪು ಹೊತ್ತಿನಲ್ಲಿ ಬಿಸಿಲಿನ ಜತೆ ಹೋರಾಡುತ್ತಿದ್ದೆ ಅಂತ. ಮಧ್ಯಾಹ್ನ 3ಕ್ಕೆ ಮನೆಯೊಳಗೆ 36 ಡಿಗ್ರಿ. ರಾತ್ರಿ 9ಕ್ಕೆ 37! ಅದೇ ಹೊತ್ತಿಗೆ ಥರ್ಮಾಮೀಟರನ್ನು ಮಾಳಿಗೆ ಮೇಲೆ, ಅಂದರೆ ತಾರಸಿಗೆ, ಒಯ್ದು ಇಟ್ಟರೆ 33. ಅಂದರೆ ಊರು ತಣ್ಣಗಾಗುತ್ತಿತ್ತು, ನಮ್ಮ ಮನೆ ಮಾತ್ರ ಆಗ ಕಾಯುತ್ತಿತ್ತು.

ನಾವಿರುವುದು ರಾಯಚೂರಿನಲ್ಲಿ, ಬಾಡಿಗೆಯ ಮೇಲ್ಮನೆ. ಎರಡು ಕೋಣೆ, ಮೇಲೆ ಸಿಮೆಂಟಿನ ಛತ್ತು, ಅದರ ಮೇಲೆ ಬರೀ ಆಕಾಶ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಫಾಲು, ಪಿಕೋ ಮಾಡುತ್ತೇನೆ. ಯುಗಾದಿಯಿಂದ ಮೇ ಕೊನೆಯವರೆಗೆ ಮದುವೆಗಳ ಕಾಲ, ವರ್ಷದ ಅರ್ಧ ದುಡಿಮೆ ಆ ಎರಡು ತಿಂಗಳಲ್ಲೇ. ಬಿಸಿಲು ಅಂತ ಕೆಲಸ ಬಿಡುವ ಹಾಗಿಲ್ಲ.

ಅತ್ತೆ ಮಾನ್ವಿ ತಾಲೂಕಿನ ಹಳ್ಳಿಯವರು. ಅವರ ಊರಿನ ಮನೆ ಮಣ್ಣಿನ ಮಾಳಿಗೆಯದು. ತೊಲೆ, ಜಂತಿ, ಅದರ ಮೇಲೆ ದಪ್ಪಗೆ ಮಣ್ಣು, ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಸವಳು ಮಣ್ಣು. ಅಂಥ ಮನೆಯಲ್ಲಿ ಮಧ್ಯಾಹ್ನ ಮಲಗಿದರೆ ಹೊದಿಯಲು ಏನಾದರೂ ಬೇಕೆನಿಸುತ್ತದೆ. ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ಅವರು, "ಒಲಿ ಮ್ಯಾಲ ಮಲಗಿದಂಗ ಆಗತೈತಿ ನೋಡವಾ" ಅಂದಿದ್ದರು. ವಯಸ್ಸಾದವರು, ಹೊಸ ಜಾಗ, ಅದಕ್ಕೇ ಹೀಗಂತಾರೆ ಅಂದುಕೊಂಡು ನಾನು ಸುಮ್ಮನಾದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಐದು ಇಂಚಿನ ಕಾಂಕ್ರೀಟು ಬೆಳಿಗ್ಗೆಯಿಂದ ಬಿಸಿಲು ಕುಡಿಯುತ್ತದೆ. ಆ ಬಿಸಿ ಮೇಲಿನಿಂದ ಕೆಳಗಿಳಿಯಲು ತಾಸುಗಟ್ಟಲೆ ಬೇಕು. ಅದು ಒಳಗೆ ಬರುವ ಹೊತ್ತಿಗೆ ಸರಿಯಾಗಿ ನಾವು ಊಟ ಮುಗಿಸಿ ಚಾಪೆ ಹಾಸುತ್ತೇವೆ. ಸ್ಟೂಲ್ ಹತ್ತಿ ಛತ್ತಿಗೆ ಅಂಗೈ ಇಟ್ಟು ನೋಡಿ, ರಾತ್ರಿ 9ಕ್ಕೂ ಸುಡುತ್ತಿರುತ್ತದೆ. ಫ್ಯಾನು ಅದೇ ಬಿಸಿಯನ್ನು ಮೈಮೇಲೆ ತಳ್ಳುತ್ತದೆ, ಅಷ್ಟೇ.

ಆ ಲೆಕ್ಕ ಬರೆಯಲು ಕಾರಣವಾಗಿದ್ದು ಒಂದು ಕೆಟ್ಟ ಮಧ್ಯಾಹ್ನ. ಅದನ್ನು ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಏಪ್ರಿಲ್ ತಿಂಗಳು. ಅದಕ್ಕೆ ಮುಂಚೆ ನಾಲ್ಕು ರಾತ್ರಿ ಅತ್ತೆಗೆ ಸರಿಯಾಗಿ ನಿದ್ದೆ ಆಗಿರಲಿಲ್ಲ. ಮಧ್ಯಾಹ್ನ 3ರ ಸುಮಾರಿಗೆ ನಾನು ಮಷಿನ್ ಮೇಲಿದ್ದೆ. ಅವರು ನನ್ನನ್ನು ನಾದಿನಿಯ ಹೆಸರಿನಿಂದ ಕರೆದರು. ಎರಡನೇ ಸಲವೂ ಹಾಗೇ ಕರೆದಾಗ ತಿರುಗಿ ನೋಡಿದೆ. ಕಣ್ಣು ಎಲ್ಲೋ ಇತ್ತು, ಮಾತು ತೊದಲುತ್ತಿತ್ತು. ಮೈ ಮುಟ್ಟಿದರೆ ಕಾದ ಹಂಚು. ಬೆವರಿನ ಒಂದು ಹನಿ ಇಲ್ಲ. ಮೊದಲು ಜ್ವರ ಅಂದುಕೊಂಡು ಜ್ವರದ ಗುಳಿಗೆ ಹುಡುಕಲು ಹೋದೆ. ಅಲ್ಲಿ ಎರಡು ನಿಮಿಷ ಹೋಯಿತು. ಬಿಸಿಲು ಬಡಿದಾಗ ಏರುವ ಬಿಸಿ ಜ್ವರದ್ದಲ್ಲ, ಅದಕ್ಕೆ ಆ ಗುಳಿಗೆ ಏನೂ ಮಾಡುವುದಿಲ್ಲ ಅಂತ ಆಮೇಲೆ ಡಾಕ್ಟರ್ ಹೇಳಿದರು. ಆಮೇಲೆ ಲೋಟದಿಂದ ನೀರು ಕುಡಿಸಲು ಹೋದೆ. ಅವರಿಗೆ ಕೆಮ್ಮು ಹತ್ತಿ ಉಸಿರು ಸಿಕ್ಕಿಹಾಕಿಕೊಂಡಂತಾಯಿತು. ಎಚ್ಚರ ಸರಿ ಇಲ್ಲದವರಿಗೆ ಬಾಯಿಗೆ ನೀರು ಹಾಕಲೇಬಾರದು. ಅದು ಶ್ವಾಸಕ್ಕೆ ಹೋಗುತ್ತದೆ.

ಪುಣ್ಯಕ್ಕೆ ಕೆಳಗಿನ ಮನೆಯ ಅಕ್ಕ ಬಂದರು. ಅವರೇ 108ಕ್ಕೆ ಫೋನ್ ಮಾಡಿದರು. ಇಬ್ಬರೂ ಸೇರಿ ಅತ್ತೆಯನ್ನು ಬಾಗಿಲ ಹತ್ತಿರ ಗಾಳಿಗೆ ಮಲಗಿಸಿ, ಸೀರೆ ಸಡಿಲಿಸಿ, ಕೊಡದ ನೀರನ್ನು ತಲೆಯಿಂದ ಕಾಲಿನವರೆಗೆ ಸುರಿದೆವು. ಅಕ್ಕ ರಟ್ಟು ಹಿಡಿದು ಗಾಳಿ ಬೀಸಿದರು. ನಾನು ಅವರ ಫ್ರಿಜ್ಜಿನ ಐಸನ್ನು ಲೈನಿಂಗ್ ಬಟ್ಟೆಯ ತುಂಡುಗಳಲ್ಲಿ ಕಟ್ಟಿ ಕಂಕುಳಲ್ಲಿ, ಕುತ್ತಿಗೆಯ ಪಕ್ಕದಲ್ಲಿ, ತೊಡೆಯ ಸಂದಿಯಲ್ಲಿ ಇಟ್ಟೆ. ದೊಡ್ಡ ರಕ್ತನಾಳಗಳು ಅಲ್ಲಿ ಚರ್ಮಕ್ಕೆ ಹತ್ತಿರ ಇರುತ್ತವೆ, ಮೈ ಬೇಗ ತಣಿಯುತ್ತದೆ. ಮನೆಯೆಲ್ಲಾ ನೀರು, ಹೊಲಿಯಲು ಬಂದಿದ್ದ ಎರಡು ರೇಷ್ಮೆ ತುಂಡು ಹಾಳಾದವು, ಅವುಗಳ ಕಡೆ ನೋಡಲೇ ಇಲ್ಲ. ಗಾಡಿ ಬರುವವರೆಗೆ ನೀರು ಸುರಿಯುತ್ತಲೇ ಇದ್ದೆವು. ಆಸ್ಪತ್ರೆಯಲ್ಲಿ ನೋಡಿದಾಗಲೂ ಮೈಬಿಸಿ 103 ಇತ್ತು. 104ರ ಮೇಲೆ ಹೋಗಿ ಮಾತು ತಪ್ಪಿದರೆ ಅದು ಜೀವಕ್ಕೇ ಬರುತ್ತದೆ, ಮನೆಯಲ್ಲೇ ತಣಿಸಲು ಶುರು ಮಾಡಿದ್ದರಿಂದ ಉಳಿದರು ಅಂದರು ಡಾಕ್ಟರ್. ಮೂರು ದಿನ ಇದ್ದು ಮನೆಗೆ ಬಂದೆವು.

ಆಗ ಹೊರಗೆ ಬಂದ ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಅತ್ತೆ ಬೇಕಂತಲೇ ನೀರು ಕಡಿಮೆ ಕುಡಿಯುತ್ತಿದ್ದರು. ನಮ್ಮ ಕಕ್ಕಸು ಕೆಳಗಡೆ ಇದೆ, ಹದಿನಾರು ಮೆಟ್ಟಿಲು. ಅವರಿಗೆ ಮೊಣಕಾಲು ನೋವು. "ನೀರು ಕುಡದ್ರ ಕೆಳಗ ಇಳೀಬೇಕಲ್ಲವಾ, ನಿನಗ್ಯಾಕ ತ್ರಾಸು" ಅಂದರು. ಜತೆಗೆ ಬಿಪಿ ಗುಳಿಗೆ. ಅದರಲ್ಲಿ ಕೆಲವು ಮೈಯ ನೀರನ್ನು ಹೊರಗೆ ಹಾಕುವ ಗುಳಿಗೆಗಳಿರುತ್ತವೆ. ಡಾಕ್ಟರ್ ಅದನ್ನು ನೋಡಿ ಬೇಸಿಗೆಗೆ ಬೇರೆ ಬರೆದುಕೊಟ್ಟರು (ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ಬದಲಿಸಿಕೊಳ್ಳಿ). ನಾನು ಮಾಡಿದ ಮೊದಲ ಕೆಲಸ ಅಂದರೆ ಕೋಣೆಯ ಮೂಲೆಗೆ ಪರದೆ ಕಟ್ಟಿ, ಕೂತು ಹೋಗುವ ಕಮೋಡ್ ಕುರ್ಚಿ ತಂದು ಇಟ್ಟಿದ್ದು. ಕೂಲರ್‌ಗಿಂತ, ಸುಣ್ಣಕ್ಕಿಂತ ಮೊದಲು ಅದು. ನಿಮ್ಮ ಮನೆಯಲ್ಲಿ ವಯಸ್ಸಾದವರು ನೀರು ಬೇಡ ಅಂದರೆ ಯಾಕೆ ಅಂತ ಒಮ್ಮೆ ಕೇಳಿ. ಬಾಯಾರಿಕೆ ಇಲ್ಲ ಅನ್ನುವುದರ ಹಿಂದೆ ಬೇರೆ ಕಾರಣವೂ ಇರಬಹುದು.

ಆಮೇಲೆ ಛತ್ತಿಗೆ ಕೈ ಹಾಕಿದೆ. ಮನೆ ಮಾಲೀಕರನ್ನು ಕೇಳಿದಾಗ ಒಲ್ಲದ ಮನಸ್ಸಿನಿಂದ ಹೂಂ ಅಂದರು. ಸುಮಾರು ಐನೂರು ಚದರಡಿ ಜಾಗ. ಸುಣ್ಣದ ಪುಡಿ ಒಂದು ಚೀಲ ತಂದು, ಡ್ರಮ್ಮಿನಲ್ಲಿ ನೀರು ಹಾಕಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಳೇ ಸೀರೆಯಲ್ಲಿ ಸೋಸಿ, ಅಂಟಿಕೊಳ್ಳಲಿ ಅಂತ ಫೆವಿಕಾಲ್ ಬೆರೆಸಿದೆ. ಹಾಲಿನಷ್ಟು ತೆಳ್ಳಗೆ ಇರಬೇಕು, ದಪ್ಪ ಆದರೆ ಒಣಗಿದ ಮೇಲೆ ಹೆಕ್ಕಳಿಕೆ ಏಳುತ್ತದೆ. ಸುಣ್ಣದ ಕಲ್ಲು ತರುವುದಾದರೆ ಹುಷಾರು, ನೀರು ಬಿದ್ದ ಕೂಡಲೇ ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಾಳಿಗೆ ಗುಡಿಸಿ, ತೊಳೆದು, ಸಂಜೆ ಬಿಸಿಲು ಇಳಿದ ಮೇಲೆ ಉದ್ದ ಹಿಡಿಯ ಪೊರಕೆಯಲ್ಲಿ ಬಳಿದೆವು. ನಡು ಮಧ್ಯಾಹ್ನ ಬಳಿದರೆ ಬಳಿಯುತ್ತಲೇ ಒಣಗಿ ಪುಡಿ ಆಗುತ್ತದೆ. ಮಾರನೇ ಸಂಜೆ ಎರಡನೇ ಸಲ. ಎಲ್ಲಾ ಸೇರಿ ಸಾವಿರದ ಇನ್ನೂರು ರೂಪಾಯಿ ಬಿತ್ತು.

ಮೂರನೇ ದಿನ ಮಧ್ಯಾಹ್ನ ಮಾಳಿಗೆ ಮೇಲೆ ಬರಿಗಾಲಲ್ಲಿ ನಿಂತೆ. ನಿಲ್ಲಲು ಆಯಿತು! ಕಣ್ಣು ಮಾತ್ರ ಕುಕ್ಕುತ್ತಿತ್ತು, ಅಷ್ಟು ಬೆಳಕನ್ನು ಅದು ವಾಪಸ್ ಎಸೆಯುತ್ತಿತ್ತು. ಪುಸ್ತಕದಲ್ಲಿ ಆ ವಾರದ ರಾತ್ರಿ 9ರ ಲೆಕ್ಕ 34, 33, 34. ಮೂರು ಡಿಗ್ರಿ ಏನು ಮಹಾ ಅನಿಸಬಹುದು. ಅತ್ತೆ ಬೆಳಗಿನ ಜಾವದವರೆಗೆ ಮಲಗಿದರು, ನನಗೆ ಅಷ್ಟು ಸಾಕಿತ್ತು. ಮಳೆಗೆ ಸುಣ್ಣ ತೊಳೆದುಹೋಗುತ್ತದೆ. ಹೋಗಲಿ, ಮಳೆಗಾಲದಲ್ಲಿ ಬೇಕಿಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಮನೆ ಸಾರಿಸುವ ಹೊತ್ತಿಗೇ ಮಾಳಿಗೆಗೂ ಸುಣ್ಣ.

ಇನ್ನು ಕೂಲರ್. ನಾನು ಮಾಡುತ್ತಿದ್ದ ದೊಡ್ಡ ತಪ್ಪು, ಎ.ಸಿ. ಥರ ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಕೂಲರ್ ಹಚ್ಚುವುದು. ಅದು ನೀರನ್ನು ಆವಿ ಮಾಡಿ ಗಾಳಿ ತಣಿಸುತ್ತದೆ. ಹೊರಗಿನ ಒಣ ಗಾಳಿ ಒಳಗೆ ಬರುತ್ತಿರಬೇಕು, ಒಳಗಿನ ಹಸಿ ಗಾಳಿ ಹೊರಗೆ ಹೋಗುತ್ತಿರಬೇಕು. ಮುಚ್ಚಿದ ಕೋಣೆಯಲ್ಲಿ ಅರ್ಧ ತಾಸಿಗೆ ಮೈ ಅಂಟಂಟು, ಗಾಳಿ ಭಾರ. ಈಗ ಕೂಲರ್ ಬೆನ್ನನ್ನು ಕಿಟಕಿಗೆ, ಹೊರಗಿನ ಗಾಳಿ ಎಳೆಯುವಂತೆ ಇಟ್ಟಿದ್ದೇನೆ. ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರುತ್ತದೆ. ನಮ್ಮ ಬೋರಿನ ನೀರು ಗಡಸು, ಹುಲ್ಲಿನ ಪ್ಯಾಡಿಗೆ ಬಿಳೀ ಉಪ್ಪು ಕಟ್ಟಿ ಗಾಳಿ ನಿಲ್ಲುತ್ತದೆ, ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ ತೊಳೆಯುತ್ತೇನೆ. ಸೊಳ್ಳೆಯೂ ಆಗುವುದಿಲ್ಲ. ತಗಡಿನ ಕೂಲರ್ ಇದ್ದವರು ದಯವಿಟ್ಟು ಪ್ಲಗ್ ಕಿತ್ತ ಮೇಲೇ ನೀರು ಹಾಕಿ. ಒದ್ದೆ ಕೈ, ಒದ್ದೆ ನೆಲ, ಅರ್ಥಿಂಗ್ ಇಲ್ಲದ ತಗಡು, ಜೀವ ಹೋಗಲು ಅಷ್ಟು ಸಾಕು.

ಕರೆಂಟ್ ಹೋದಾಗ? ತೆಳ್ಳನೆ ಹತ್ತಿ ಸೀರೆ ಒದ್ದೆ ಮಾಡಿ ಹಿಂಡಿ ಮೈಮೇಲೆ ಹೊದ್ದು ಕೂರುತ್ತೇವೆ, ಬೀಸಣಿಗೆ ಬೀಸಿಕೊಳ್ಳುತ್ತೇವೆ. ನಮ್ಮ ಕಡೆ ಬಿಸಿಲು ಒಣ ಬಿಸಿಲು, ನೀರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ಹರವಿಯ (ಮಣ್ಣಿನ ಕೊಡದ) ನೀರು ತಣ್ಣಗಾಗುವುದೂ ಹೀಗೇ ಅಲ್ವಾ. ಹರವಿಯನ್ನು ಮೂಲೆಯಲ್ಲಿ ಇಡದೆ ಗಾಳಿಯಾಡುವ ಕಿಟಕಿ ಹತ್ತಿರ, ಒದ್ದೆ ಮರಳಿನ ಮೇಲೆ ಇಡಿ. ವರ್ಷಕ್ಕೊಂದು ಹೊಸದು ಬೇಕು, ಹಳೆಯದರ ಸಣ್ಣ ತೂತುಗಳು ಉಪ್ಪಿನಿಂದ ಮುಚ್ಚಿಹೋಗಿ ನೀರು ಜಿನುಗುವುದಿಲ್ಲ. ಪಡುವಣ ಕಿಟಕಿಗೆ ಹೊರಗಡೆಯಿಂದ ಗೋಣಿತಟ್ಟು ಕಟ್ಟಿದ್ದೇನೆ. ಒಳಗಡೆ ಪರದೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಮನೆಯೊಳಗೆ ಬಂದಾಗಿರುತ್ತದೆ.

ಕೆಲಸದ ಹೊತ್ತನ್ನೂ ಬದಲಿಸಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುತ್ತಾರೆ. ನಾನು ಯಾಕೆ ಸುಡು ಮಧ್ಯಾಹ್ನ ಮಷಿನ್ ತುಳಿಯಬೇಕು? ಬೆಳಗಿನ 5ಕ್ಕೆ ಇಸ್ತ್ರಿ. ಇಸ್ತ್ರಿ ಪೆಟ್ಟಿಗೆ ಕೋಣೆಯೊಳಗಿನ ಒಂದು ಒಲೆ ಇದ್ದಂತೆ, 7ರ ಮೇಲೆ ಅದನ್ನು ಮುಟ್ಟುವುದಿಲ್ಲ. ಅಡುಗೆಯೂ 8ರೊಳಗೆ ಮುಗಿಯಬೇಕು. 11ರವರೆಗೆ ಹೊಲಿಗೆ, ಸಂಜೆ 6ರ ಮೇಲೆ ಮತ್ತೆ. ಮಧ್ಯಾಹ್ನ ಬರೀ ಗುಂಡಿ, ಹುಕ್ಕು ಹಚ್ಚುವ ಕೈಕೆಲಸ, ಇಲ್ಲವೇ ನಿದ್ದೆ. ಗಿರಾಕಿಗಳಿಗೂ ಹೇಳಿಬಿಟ್ಟಿದ್ದೇನೆ, ಮಧ್ಯಾಹ್ನ 12ರಿಂದ 5ರವರೆಗೆ ಬರಬೇಡಿ ಅಂತ. ಮೊದಲ ವರ್ಷ ಇಬ್ಬರು ಸಿಟ್ಟಾಗಿ ಬೇರೆ ಕಡೆ ಹೋದರು. ಉಳಿದವರಿಗೆ ಅಭ್ಯಾಸ ಆಯಿತು.

ಮಧ್ಯಾಹ್ನದ ಊಟ ಜೋಳದ ನುಚ್ಚು, ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ನಡುವೆ ಅಂಬಲಿ. ಬರೀ ನೀರು ಕುಡಿದರೆ ಸಾಲದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ, ಸಂಜೆ ಕಾಲಿನ ಮೀನಖಂಡ ಹಿಡಿದುಕೊಳ್ಳುವುದು ಅದಕ್ಕೇ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ಚಹದ ಸಣ್ಣ ಚಮಚದ ಲೆಕ್ಕ. ಅತ್ತೆಗೆ ಬಿಪಿ ಇರುವುದರಿಂದ ಉಪ್ಪಿನದನ್ನು ಡಾಕ್ಟರ್ ಹೇಳಿದಷ್ಟೇ ಕೊಡುತ್ತೇನೆ. ಮೂತ್ರದ ಬಣ್ಣ ನೋಡಿಕೊಳ್ಳಿ ಅಂತ ಅವರಿಗೆ ಹೇಳಿಕೊಟ್ಟಿದ್ದೇನೆ. ಹಳದಿ ಜಾಸ್ತಿ ಆದರೆ ಅವರೇ ಎದ್ದು ಹರವಿಯ ಹತ್ತಿರ ಹೋಗುತ್ತಾರೆ.

ಈ ಸಲ ಕೆಳಗಿನ ಮನೆಯ ಅಕ್ಕ ತಮ್ಮ ತಮ್ಮನ ತಗಡಿನ ಅಂಗಡಿಗೂ ಸುಣ್ಣ ಬಳಿಯೋಣವಾ ಅಂತ ಕೇಳಿದರು. ತಗಡಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಉದುರುತ್ತದೆ. ಅದಕ್ಕೆ ಬಿಳೀ ಪೇಂಟೇ ಬೇಕು. ತಗಡು ರಾತ್ರಿ ಬೇಗ ಆರುತ್ತದೆ, ಅದರ ಕಾಟ ಹಗಲಿನದು. ಹಾಗಾಗಿ ತಗಡಿನಿಂದ ಒಂದಡಿ ಎತ್ತರದಲ್ಲಿ ಹಸಿರು ನೆರಳು ಬಲೆ ಕಟ್ಟಿ, ನಡುವೆ ಗಾಳಿ ಆಡಲಿ ಅಂದೆ. ಮೊನ್ನೆ ಭಾನುವಾರ ಕಟ್ಟಿದ್ದಾರೆ. ನನ್ನ ಥರ್ಮಾಮೀಟರ್ ಈಗ ಅವರ ಅಂಗಡಿಯಲ್ಲಿದೆ.