ನನ್ನ ಟೂಲ್‌ಗಳು ಹೊರಗೆ ಏನು ಕಳಿಸುತ್ತವೆ ಅಂತ ನೋಡಿದ್ದು ಹೀಗೆ

ಟೆಲಿಮೆಟ್ರಿ, ಅಂದರೆ ಸಾಫ್ಟ್‌ವೇರ್ ತನ್ನ ಬಳಕೆಯ ಮಾಹಿತಿಯನ್ನು ತಯಾರಿಸಿದವರಿಗೆ ಕಳಿಸುವುದು. ಅದರ ಮಾತು ಬಂದಾಗಲೆಲ್ಲ ಯಾರಾದರೂ ಹೇಳುತ್ತಾರೆ: "ಓಪನ್ ಸೋರ್ಸ್ ತಾನೇ, ಕೋಡ್ ಎಲ್ಲರ ಕಣ್ಣೆದುರೇ ಇದೆಯಲ್ಲ, ಭಯ ಯಾಕೆ?" ಮಾತು ಸುಳ್ಳಲ್ಲ. 2021ರಲ್ಲಿ ಆಡಿಯೋ ಎಡಿಟರ್ ಆಡಾಸಿಟಿಗೆ ಗೂಗಲ್ ಮತ್ತು ಯಾಂಡೆಕ್ಸ್ ಅನಾಲಿಟಿಕ್ಸ್ ಸೇರಿಸಲು ಹೊರಟಾಗ, ಬಿಡುಗಡೆಗೂ ಮೊದಲೇ ಜನರ ಕಣ್ಣಿಗೆ ಬಿತ್ತು. ಗಲಾಟೆ ಆಯಿತು, ಅದನ್ನು ಕೈಬಿಟ್ಟರು. ಆದರೆ ನಾನು ಬಳಸುವ ಅಷ್ಟೂ ಟೂಲ್‌ಗಳ ಕೋಡ್ ಓದಲು ನನಗೆ ಪುರುಸೊತ್ತು ಎಲ್ಲಿದೆ? ಓದಿದರೂ, ನಾವು ಇಳಿಸಿಕೊಳ್ಳುವ ಬೈನರಿ (ಓಡಿಸಲು ಸಿದ್ಧವಾದ ಫೈಲ್) ಅದೇ ಕೋಡಿನದ್ದೇ ಅಂತ ಹೇಳೋಕಾಗಲ್ಲ. ಕೋಡ್ ಎಡಿಟರ್ ವಿಎಸ್ ಕೋಡ್‌ನ ಮೂಲ ಎಂಐಟಿ ಅನ್ನುವ ಮುಕ್ತ ಲೈಸೆನ್ಸ್‌ನಲ್ಲಿದೆ, ಮೈಕ್ರೋಸಾಫ್ಟ್ ಕಟ್ಟಿ ಕೊಡುವ ಪ್ಯಾಕೇಜಿಗೆ ಬೇರೆಯೇ ಲೈಸೆನ್ಸ್. ಅದೇ ಮೂಲವನ್ನು ಟೆಲಿಮೆಟ್ರಿ ಆಫ್ ಮಾಡಿ ಕಟ್ಟಿಕೊಡುವ ವಿಎಸ್‌ಕೋಡಿಯಂ ಹುಟ್ಟಿದ್ದೇ ಅದಕ್ಕೆ.

ಹಾಗಾಗಿ ಕೋಡ್ ಬಿಟ್ಟು, ಹೊರಗೆ ಹೋಗುವ ಡೇಟಾವನ್ನೇ ನೋಡೋಣ ಅಂದುಕೊಂಡೆ.

ಲಿನಕ್ಸ್‌ನಲ್ಲಿ ಮೊದಲು ಓಪನ್‌ಸ್ನಿಚ್ ಹಾಕಿದೆ. ಯಾವ ಪ್ರೋಗ್ರಾಂ ಹೊಸದಾಗಿ ಹೊರಗೆ ಸಂಪರ್ಕ ಮಾಡಿದರೂ ಅದು ತಡೆದು ಕೇಳುತ್ತದೆ. ಮೊದಮೊದಲು ತಲೆ ಕೆಡುತ್ತದೆ, ಬ್ರೌಸರ್ ಒಂದೇ ಸಾಕು ಸುಸ್ತು ಮಾಡಲು. ಗೊತ್ತಿರುವುದಕ್ಕೆಲ್ಲ ರೂಲ್ ಬರೆದ ಮೇಲೆ ಉಳಿದದ್ದು ಕೆಲವೇ. ಅವು ಯಾವ ಸರ್ವರ್‌ಗೆ ಹೋಗುತ್ತವೆ ಅನ್ನುವುದು ಇಲ್ಲಿ ಗೊತ್ತಾಗುತ್ತದೆ, ಒಳಗೆ ಏನಿದೆ ಅನ್ನುವುದಲ್ಲ. ಅದಕ್ಕೆ ಮಧ್ಯದಲ್ಲಿ ನಿಂತು ಎನ್‌ಕ್ರಿಪ್ಟ್ ಆದ ಡೇಟಾವನ್ನು ಬಿಚ್ಚಿ ತೋರಿಸುವ ಮಿಟ್ಮ್‌ಪ್ರಾಕ್ಸಿ ಬೇಕು. ಅದರ ಸರ್ಟಿಫಿಕೇಟನ್ನು ಒಂದು ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರಿನೊಳಗಿನ ಪ್ರತ್ಯೇಕ ಕಂಪ್ಯೂಟರ್) ಮಾತ್ರ ಹಾಕಿ, ಅನುಮಾನ ಇದ್ದ ಟೂಲ್‌ಗಳನ್ನು ಅಲ್ಲಿ ಓಡಿಸಿದೆ. ದಿನನಿತ್ಯದ ಕಂಪ್ಯೂಟರಿಗೆ ಆ ಸರ್ಟಿಫಿಕೇಟ್ ಹಾಕಬೇಡಿ.

ಹೆಚ್ಚಿನವು ಸಪ್ಪೆ ವಿಷಯ: ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಸಿಪಿಯು ಎಷ್ಟು, ಯಾವ ಕಮಾಂಡ್, ಎಷ್ಟು ಹೊತ್ತು ಹಿಡಿಯಿತು. ಇದಕ್ಕೆ ನನ್ನ ತಕರಾರಿಲ್ಲ. ಎರಡು ಕಡೆ ಮಾತ್ರ ನಿಂತು ನೋಡಿದೆ.

ಒಂದು, ಕ್ರ್ಯಾಶ್ ವರದಿ. ಕೋಡಿನಿಂದ ಪ್ರೋಗ್ರಾಂ ಕಟ್ಟುವ ಒಂದು ಬಿಲ್ಡ್ ಟೂಲ್ ಎರರ್ ಮೆಸೇಜನ್ನು ಇದ್ದ ಹಾಗೇ ಕಳಿಸುತ್ತಿತ್ತು. ಅದರಲ್ಲಿ ಫೈಲಿನ ಪೂರ್ತಿ ಪಾತ್ ಇತ್ತು. ಪಾತ್‌ನಲ್ಲಿ ನನ್ನ ಲಾಗಿನ್ ಹೆಸರು, ಪಕ್ಕದ ಫೋಲ್ಡರಿನಲ್ಲಿ ಗ್ರಾಹಕರ ಹೆಸರು, ಅದರ ಒಳಗೆ ಇನ್ನೂ ಯಾರಿಗೂ ಹೇಳದ ಪ್ರಾಜೆಕ್ಟಿನ ಹೆಸರು. ಟೂಲ್ ಬರೆದವರಿಗೆ ಇದು ಬೇಕೂ ಇರಲಿಲ್ಲ, ಸುಮ್ನೆ ಜೊತೆಗೆ ಹೋಗುತ್ತಿತ್ತು. ಅವರ ಡಾಕ್ಯುಮೆಂಟೇಶನ್‌ನಲ್ಲಿ ಮಾತ್ರ "ಸಂಪೂರ್ಣ ಅನಾಮಧೇಯ".

ಇನ್ನೊಂದು, ಹ್ಯಾಶ್, ಅಂದರೆ ಸುಲಭವಾಗಿ ಹಿಂದಕ್ಕೆ ತಿರುಗಿಸಲಾಗದ ಹಾಗೆ ಮಾಹಿತಿಯಿಂದ ಮಾಡಿದ ಸಂಕೇತ. ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಹ್ಯಾಶ್ ಮಾಡಿ ಕಳಿಸಿದರೆ ಯಾರಿಗೂ ಗುರುತು ಸಿಗಲ್ಲ ಅಂತ ಹಲವರು ನಂಬುತ್ತಾರೆ. ಮ್ಯಾಕ್ ವಿಳಾಸ ಇರುವುದೇ 48 ಬಿಟ್. ಸಾಮಾನ್ಯವಾಗಿ ಮೊದಲ 24 ತಯಾರಕರ ಗುರುತು, ಅದರ ಪಟ್ಟಿ ಬಹಿರಂಗವಾಗಿದೆ. ಒಬ್ಬ ತಯಾರಕರ ಒಂದು ಗುರುತಿಗೆ ಉಳಿಯುವುದು ಸುಮಾರು 1.68 ಕೋಟಿ ಸಾಧ್ಯತೆ. ಸಾಲ್ಟ್ (ಹ್ಯಾಶ್ ಮಾಡುವ ಮುಂಚೆ ಬೆರೆಸುವ ಯಾದೃಚ್ಛಿಕ ಮಾಹಿತಿ) ಇಲ್ಲದ ಹ್ಯಾಶ್ ಆದರೆ ಅಷ್ಟನ್ನೂ ಲೆಕ್ಕ ಹಾಕಿ ಹೊಂದಿಸುವುದು ಮಾಮೂಲಿ ಲ್ಯಾಪ್‌ಟಾಪಿಗೂ ಕಷ್ಟವಲ್ಲ. ನನ್ನ ವಿಳಾಸದ ಮೇಲೇ ಮಾಡಿ ನೋಡಿದೆ, ಸಿಕ್ಕಿತು. ತಿರುಗಿಸಲು ಆಗದೇ ಇದ್ದರೂ, ಪ್ರತಿ ಸಲ ಅದೇ ಹ್ಯಾಶ್ ಹೋದರೆ ಅದೇ ಒಂದು ಹೆಸರಾಯಿತಲ್ವಾ?

ಆಮೇಲೆ ಎಲ್ಲವನ್ನೂ ಕಣ್ಣುಮುಚ್ಚಿ ಆಫ್ ಮಾಡಲಿಲ್ಲ. ನಾನೂ ಒಂದು ಸಣ್ಣ ಲೈಬ್ರರಿ ನೋಡಿಕೊಳ್ಳುತ್ತೇನೆ. ಹಳೆಯ ಆವೃತ್ತಿಯನ್ನು ಯಾರಾದರೂ ಇನ್ನೂ ಬಳಸುತ್ತಾರಾ ಅಂತ ಗೊತ್ತಿಲ್ಲದೆ ಅದನ್ನು ಹೊರುವ ಕಷ್ಟ ನನಗೂ ಗೊತ್ತು. ಕೇಳಿ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ. ಫೈಲ್‌ಗಳನ್ನು ಸಿಂಕ್ ಮಾಡುವ ಸಿಂಕ್‌ಥಿಂಗ್ ಏನು ಕಳಿಸುತ್ತದೆ ಅಂತ ಮೊದಲೇ ತೋರಿಸಿ, ಆಮೇಲೆ ಒಪ್ಪಿಗೆ ಕೇಳುತ್ತದೆ. ಯಾವ ಪ್ಯಾಕೇಜ್ ಎಷ್ಟು ಬಳಕೆಯಲ್ಲಿದೆ ಅಂತ ಎಣಿಸುವ ಡೆಬಿಯನ್ ಲಿನಕ್ಸ್‌ನ ಪಾಪ್‌ಕಾನ್ ಕೂಡ ಇನ್‌ಸ್ಟಾಲ್ ಆಗುವಾಗ ಕೇಳುತ್ತದೆ, ಸುಮ್ಮನೆ ಎಂಟರ್ ಒತ್ತಿದರೆ "ಬೇಡ" ಅಂತಲೇ ಅರ್ಥ. ಗೋ ಪ್ರೋಗ್ರಾಮಿಂಗ್ ಭಾಷೆಯವರು 2023ರಲ್ಲಿ ಟೆಲಿಮೆಟ್ರಿಯ ಪ್ರಸ್ತಾಪ ಇಟ್ಟಾಗ ಅದು ತಾನಾಗಿಯೇ ಆನ್ ಇರಬೇಕು ಅಂತಿತ್ತು. ವಾದ ವಿವಾದ ಆಗಿ, ಕಡೆಗೆ ನಾವೇ ಆನ್ ಮಾಡಿದರೆ ಮಾತ್ರ ಅಂತಾಯಿತು. 2024ರ 1.23 ಆವೃತ್ತಿಯಿಂದ ಬಳಕೆಯ ಲೆಕ್ಕ ನಮ್ಮ ಡಿಸ್ಕಿನಲ್ಲೇ ಉಳಿಯುತ್ತದೆ, ಒಪ್ಪಿದವರದ್ದು ಮಾತ್ರ ಹೊರಗೆ ಹೋಗುತ್ತದೆ. ನಾನು ಆನ್ ಮಾಡಿದ್ದೇನೆ.

ಉಳಿದವನ್ನು ಆಫ್ ಮಾಡಿದ್ದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಂದ (ಪ್ರೋಗ್ರಾಂ ಶುರುವಾಗುವಾಗ ಓದುವ ಸೆಟ್ಟಿಂಗ್‌ಗಳು). ಡಾಟ್‌ನೆಟ್, ಹೋಮ್‌ಬ್ರೂ, ನೆಕ್ಸ್ಟ್ ಜೆಎಸ್, ಒಂದೊಂದಕ್ಕೂ ಬೇರೆ ಬೇರೆ ಹೆಸರು. ಎಲ್ಲಕ್ಕೂ ಸೇರಿ "ಡೂ ನಾಟ್ ಟ್ರ್ಯಾಕ್" ಅಂತ ಒಂದೇ ಇರಲಿ ಅನ್ನುವ ಪ್ರಯತ್ನ ಇದೆ, ಪಾಲಿಸುವವರು ಕಡಿಮೆ. ಇವನ್ನು ಶೆಲ್ ಫೈಲಿನಲ್ಲಿ ಬರೆದರಷ್ಟೇ ಸಾಲದು. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಮೂಲಕ ಓಡಿಸಿದರೆ ಆ ವೇರಿಯಬಲ್‌ಗಳು ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಪೆಟ್ಟಿಗೆಯಂಥ ಡಾಕರ್ ಕಂಟೇನರ್ ಒಳಗಂತೂ ಅವು ತಾವಾಗಿ ಬರುವುದೇ ಇಲ್ಲ, ಬೇರೆಯಾಗಿ ಕೊಡಬೇಕು, ಉದಾಹರಣೆಗೆ ಡಾಕರ್‌ಫೈಲಿನಲ್ಲಿ. ಕೋಡ್ ಬದಲಾದಾಗಲೆಲ್ಲ ತಾನಾಗಿ ಬಿಲ್ಡ್ ಮಾಡುವ ಸಿಐ ಸರ್ವರ್‌ನಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. "ನಾವು ಮಾಹಿತಿ ಸಂಗ್ರಹಿಸುತ್ತೇವೆ" ಅನ್ನುವ ಮೊದಲ ಸಲದ ಸೂಚನೆ ಅಲ್ಲಿ ಬರುವುದು ಯಾರೂ ಓದದ ಲಾಗ್‌ನಲ್ಲಿ. ಆ ಸಾಲನ್ನು ಹುಡುಕಲು ಲಾಗ್ ಮೇಲೆ "ಟೆಲಿಮೆಟ್ರಿ" ಅಂತ ಒಂದು ಗ್ರೆಪ್ ಹಾಕಿಟ್ಟಿದ್ದೇನೆ. ಹೊಸ ಟೂಲ್ ಸೇರಿ ಆ ಪದ ಸಿಕ್ಕರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ, ನೋಡಿ ಒಪ್ಪಿದ ಮೇಲೆ ಮುಂದೆ ಬಿಡುತ್ತೇನೆ.